ವಿಧಿಯಂತೆ ಒಂದು ಗುಟುಕು

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಲ್ಲುಕಂಬವನ್ನು ನೋಡಲು ಬರುವವರಿಗೆ ಗೊತ್ತಿರುವುದು ಹೆಚ್ಚಾಗಿ ಒಂದೇ ಕಥೆ. ಕಂಚಿಗೆ ಓದಲು ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಡಿದ, ಅವಮಾನ ನುಂಗಲಾರದೆ ಕತ್ತಿ ಹಿಡಿದ, ಕದಂಬರ ರಾಜ್ಯ ಕಟ್ಟಿದ. ಐದನೆಯ ಶತಮಾನದ ನಡುಭಾಗದಲ್ಲಿ, ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಶಾಸನ ಆ ಕಂಬದ ಮೇಲಿದೆ. ಕುಬ್ಜ ಜಗಳಕ್ಕೆ ಬರುವ ಮೊದಲು ಆ ಮನೆತನದ ದಿನಚರಿಯನ್ನು ತೋರಿಸುತ್ತಾನೆ. ಯಜ್ಞಸ್ನಾನದ ನೀರಿನಿಂದ ಸದಾ ಒದ್ದೆಯಾಗಿರುವ ತಲೆಗೂದಲು, ಓಂಕಾರದಿಂದ ಮೊಳಗುವ ಒಳಮನೆ, ದಿನವೂ ಅತಿಥಿಗಳು ಬಂದು ಸೇರುವ ಜಗಲಿ, ಮನೆಯ ಪಕ್ಕದಲ್ಲಿ ಹೂಬಿಟ್ಟ ಒಂದು ಕದಂಬ ಮರ. ಅದೇ ಉಸಿರಿನಲ್ಲಿ ಇನ್ನೊಂದು ಮಾತು: ಈ ಮನೆಯವರು ವಿಧಿಗೆ ತಕ್ಕಂತೆ ಅಗ್ನಿ ಹೊತ್ತಿಸಿ ಸೋಮ ಕುಡಿಯುವವರು.

ವಂಶವನ್ನು ಹೊಗಳುವಾಗ ಅದರ ಕುಡಿತವನ್ನೂ ಸೇರಿಸಿ ಹೊಗಳಿದ್ದು ಇಂದಿನ ಕಿವಿಗೆ ವಿಚಿತ್ರ. ಮದುವೆಗೆ ವರನ ಮನೆಯ ಬಗ್ಗೆ ವಿಚಾರಿಸುವಾಗ 'ಕುಡಿತ ಗಿಡಿತ ಇಲ್ಲ ತಾನೇ?' ಎಂದು ಕೇಳುವ ನಾಡು ಇದು. ಸೋಮ ಮದ್ಯವಲ್ಲ ಎಂಬ ಸಮಾಧಾನ ಇದ್ದೇ ಇದೆ, ಅದು ಸುಳ್ಳೂ ಅಲ್ಲ. ಬಳ್ಳಿಯನ್ನು ಜಜ್ಜಿ, ಹಿಂಡಿ, ಸೋಸಿ, ದಿನಕ್ಕೆ ಮೂರು ಸವನಗಳಲ್ಲಿ ಅಂದಂದೇ ಮುಗಿಸುವ ರಸಕ್ಕೆ ಹುಳಿಯಲು ಸಮಯವೇ ಸಿಗುವುದಿಲ್ಲ. ಶತಪಥ ಬ್ರಾಹ್ಮಣ ಸೋಮವನ್ನು ಸತ್ಯ, ಬೆಳಕು ಎಂದೂ ಸುರೆಯನ್ನು ಅಸತ್ಯ, ಕತ್ತಲೆ ಎಂದೂ ಬೇರ್ಪಡಿಸಿಟ್ಟಿದೆ. ಆದರೆ ಅದೇ ವೈದಿಕ ಪರಂಪರೆಯಲ್ಲಿ ಸೌತ್ರಾಮಣಿ ಎಂಬ ಯಾಗವೂ ಇದೆ, ಅಲ್ಲಿ ಆಹುತಿಗೆ ಸುರೆಯೇ ಬೇಕು. ಸುರಾಪಾನವನ್ನು ಮಹಾಪಾತಕಗಳ ಪಟ್ಟಿಗೆ ಸೇರಿಸಿ, ಅದಕ್ಕೆ ಕುದಿಯುವ ಸುರೆ ಕುಡಿದು ಸಾಯುವ ಪ್ರಾಯಶ್ಚಿತ್ತ ಹೇಳಿದ ಶಾಸ್ತ್ರಕಾರರೇ ಆ ಯಾಗವನ್ನೂ ಒಪ್ಪಿಕೊಂಡಿದ್ದರು. ಹಾಗಿದ್ದರೆ ಅವರು ತೂಗಿ ನೋಡುತ್ತಿದ್ದದ್ದು ಪಾತ್ರೆಯೊಳಗಿನ ದ್ರವವನ್ನಷ್ಟೇ ಅಲ್ಲ. ಯಾರು, ಯಾವಾಗ, ಯಾರ ಜೊತೆ, ಯಾರನ್ನು ಕೇಳಿ ಎಂಬುದೂ ತಕ್ಕಡಿಯಲ್ಲಿತ್ತು.

ಕೇಳಿ ಕುಡಿಯುವ ಆ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸೋಮಯಾಗದಲ್ಲಿ ಋತ್ವಿಜ ಚಮಸವನ್ನು, ಅಂದರೆ ಸೋಮದ ಪಾತ್ರೆಯನ್ನು, ಕೈಗೆತ್ತಿಕೊಂಡ ಕೂಡಲೇ ಬಾಯಿಗಿಡುವಂತಿಲ್ಲ. ಜೊತೆಗಿರುವವನ ಕಡೆ ತಿರುಗಿ 'ನನ್ನನ್ನು ಕರೆ' ಎಂದು ಕೇಳಬೇಕು. ಅವನು 'ಕರೆದಾಯಿತು' ಎಂದು ಉತ್ತರಿಸಬೇಕು. ಆಮೇಲೆ ಗುಟುಕು. ಒಂದೇ ಚಮಸ ಹಲವರ ಬಾಯಿಗೆ ಹೋಗುತ್ತದೆ. ಮುಟ್ಟಿದರೆ ಮೈಲಿಗೆ ಎನ್ನುವ ಸಮಾಜದಲ್ಲಿ ಇದು ದೊಡ್ಡ ಸಮಸ್ಯೆಯಾಗಬೇಕಿತ್ತು. ಸೋಮದಲ್ಲಿ ಎಂಜಲಿನ ದೋಷವಿಲ್ಲ ಎಂದು ಸೂತ್ರಕಾರರು ವಿಶೇಷವಾಗಿ ಹೇಳಿಬಿಟ್ಟರು. ನಿಯಮ ಮಾಡಿದವರೇ ನಿಯಮಕ್ಕೆ ಬಾಗಿಲನ್ನೂ ಇಟ್ಟರು.

ಈಗ ಪ್ಯಾರಿಸ್ಸಿನಲ್ಲೋ ಬೆಂಗಳೂರಿನ ಯುಬಿ ಸಿಟಿಯಲ್ಲೋ ಇರುವ ಒಂದು ರೆಸ್ಟೋರೆಂಟಿನ ಮೇಜಿಗೆ ಬರೋಣ. ಬಾಟಲಿ ಬರುತ್ತದೆ. ಬಡಿಸುವವನು ಮೊದಲು ಅದರ ಚೀಟಿಯನ್ನು ಆರ್ಡರ್ ಮಾಡಿದವರಿಗೆ ತೋರಿಸುತ್ತಾನೆ: ಕೇಳಿದ ತೋಟ ಇದೇ, ಕೇಳಿದ ವರ್ಷ ಇದೇ. ಬಿರಡೆ ತೆಗೆದು ಪಕ್ಕಕ್ಕಿಡುತ್ತಾನೆ. ಅವರ ಲೋಟಕ್ಕೆ ಮಾತ್ರ ಒಂದು ಗುಟುಕಿನಷ್ಟು ಸುರಿದು ಕೈಕಟ್ಟಿ ನಿಲ್ಲುತ್ತಾನೆ. ಲೋಟದ ಕಾಲು ಹಿಡಿದು ಒಮ್ಮೆ ಅಲ್ಲಾಡಿಸಿ, ಮೂಗಿನ ಹತ್ತಿರ ತಂದು, ನಾಲಿಗೆಯ ಮೇಲಿಟ್ಟು, ತಲೆಯಾಡಿಸಿದರೆ ಉಳಿದವರಿಗೆಲ್ಲ ಸುರಿದು ಕೊನೆಗೆ ಅವರ ಲೋಟ ತುಂಬುತ್ತಾನೆ. ಮೊದಲ ಸಲ ಈ ಪರೀಕ್ಷೆಗೆ ಕೂತ ಕನ್ನಡಿಗ ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾನೆ: ಹೆದರಿ 'ಚೆನ್ನಾಗಿದೆ' ಎಂದುಬಿಡುತ್ತಾನೆ, ಇಲ್ಲವೇ 'ಸ್ವಲ್ಪ ಒಗರು, ಬೇರೆ ಕೊಡಿ' ಎನ್ನುತ್ತಾನೆ. ಎರಡೂ ಪ್ರಶ್ನೆಗೆ ಉತ್ತರವಲ್ಲ. ಅಲ್ಲಿ ಕೇಳುತ್ತಿರುವುದು ರುಚಿ ಹಿಡಿಸಿತೇ ಎಂದಲ್ಲ, ಬಾಟಲಿ ಕೆಟ್ಟಿದೆಯೇ ಎಂದು. ಬಿರಡೆಯಲ್ಲಿ ಸೇರಿಕೊಂಡ ಟಿಸಿಎ ಎಂಬ ರಾಸಾಯನಿಕ ಒಮ್ಮೊಮ್ಮೆ ದ್ರಾಕ್ಷಾರಸಕ್ಕೆ ಒದ್ದೆ ರಟ್ಟಿನ ವಾಸನೆ ತರುತ್ತದೆ. ಆ ವಾಸನೆ ಬಂದರೆ ಬಾಟಲಿ ವಾಪಸ್, ಹಣ ಕೇಳುವುದಿಲ್ಲ. ಹಿಡಿಸಲಿಲ್ಲ ಎನ್ನುವುದು ಮರ್ಯಾದಸ್ಥ ಕಾರಣವಲ್ಲ.

ನಮ್ಮ ಕಡೆಯ ಪಂಕ್ತಿಗೆ ಇದು ತಿರುವುಮುರುವಾಗಿ ಕಾಣುತ್ತದೆ. ಶಿಕಾರಿಪುರದ ಹಳ್ಳಿಯ ಮನೆಯಲ್ಲಿ ಎಲೆ ಹಾಕಿದರೆ ಯಜಮಾನ ಮೊದಲು ಉಣ್ಣುವುದಿಲ್ಲ. ಎಲೆಯ ತುದಿ ಎಡಕ್ಕೆ, ಮೇಲ್ಗಡೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಅನ್ನಕ್ಕೆ ತುಪ್ಪ ಬಿದ್ದ ಮೇಲೆ ಎಲೆಯ ಸುತ್ತ ನೀರು, ಬದಿಗೆ ನಾಲ್ಕಗುಳು ಚಿತ್ರಾಹುತಿ, ಆಮೇಲೆ ಕೈ. ಯಜಮಾನ ಅಷ್ಟು ಹೊತ್ತೂ ಸಾಲಿನ ನಡುವೆ ಓಡಾಡುತ್ತ 'ಇನ್ನು ಸ್ವಲ್ಪ' ಎನ್ನುತ್ತಿರುತ್ತಾನೆ. ಅತಿಥಿಗಳೂ ಮನೆಯ ಆಳುಕಾಳೂ ಉಂಡ ಮೇಲೆ ದಂಪತಿ ಉಣ್ಣಬೇಕೆಂದು ಮನುಸ್ಮೃತಿಯೂ ಹೇಳುತ್ತದೆ. ಹೊಸ ಮದುವಣಗಿತ್ತಿ, ಮಕ್ಕಳು, ರೋಗಿಗಳು, ಬಸುರಿಯರು ಮಾತ್ರ ಅತಿಥಿಗಿಂತ ಮೊದಲೇ ಉಣ್ಣಬಹುದು ಎಂಬ ರಿಯಾಯಿತಿಯನ್ನು ಅದೇ ಪುಸ್ತಕ ಕೊಡುತ್ತದೆ. ಒಂದು ಕಡೆ ಆತಿಥೇಯ ಕೊನೆಗೆ, ಇನ್ನೊಂದು ಕಡೆ ಆತಿಥೇಯ ಮೊದಲಿಗೆ. ಆದರೂ ಎರಡರ ಲೆಕ್ಕ ಒಂದೇ: ಅಡುಗೆ ಸಾಲದೆ ಹೋದರೆ ಹಸಿವು ಮನೆಯವನ ಪಾಲಿಗೆ, ಬಾಟಲಿ ಕೆಟ್ಟಿದ್ದರೆ ಆ ಕೆಟ್ಟ ಗುಟುಕು ಕರೆದವನ ಪಾಲಿಗೆ. ನಷ್ಟವನ್ನು ಅತಿಥಿಯ ತನಕ ಹೋಗಗೊಡದಿರುವುದೇ ಎರಡೂ ಕಡೆಯ ವಿಧಿ.

ಎಂಜಲಿನ ವಿಷಯಕ್ಕೆ ಬಂದರೆ ಮಾತ್ರ ಎರಡು ಲೋಕಗಳು ನಿಜಕ್ಕೂ ಬೇರೆ. 1623ರಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತಿ ಇಕ್ಕೇರಿಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಇಲ್ಲಿನವರ ಊಟೋಪಚಾರವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಬರೆದ. ಅವನಿಗೆ ಬೆರಗಾದ ಸಂಗತಿಗಳಲ್ಲೊಂದು ತುಟಿಗೆ ತಾಗಿಸದೆ, ಪಾತ್ರೆಯನ್ನು ಮೇಲಕ್ಕೆತ್ತಿ ನೀರು ಸುರಿದುಕೊಳ್ಳುವ ರೀತಿ. ಇವತ್ತಿಗೂ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದವರ ಬಾಟಲಿ ಇಸಕೊಂಡವರು ಹಾಗೆಯೇ ಎತ್ತಿ ಕುಡಿಯುತ್ತಾರೆ. ಯಾರೂ ಕಲಿಸಿದ್ದಲ್ಲ, ಶಾಸ್ತ್ರ ನೋಡಿ ಮಾಡಿದ್ದೂ ಅಲ್ಲ. ಯುರೋಪಿನ ಮೇಜಿನಲ್ಲಿ ಗೆಳತಿ ತನ್ನ ಲೋಟ ಮುಂದೆ ಮಾಡಿ 'ಇದರ ರುಚಿ ನೋಡು' ಎಂದಾಗ ತಡವರಿಸುವುದು ದ್ರಾಕ್ಷಾರಸದ ಬಗ್ಗೆ ಯಾವ ತಕರಾರೂ ಇಲ್ಲದ ಕನ್ನಡಿಗನೂ ಹೌದು. ಧರ್ಮದ ಪ್ರಶ್ನೆ ಮುಗಿದರೂ ತುಟಿಯ ಪ್ರಶ್ನೆ ಮುಗಿದಿರುವುದಿಲ್ಲ.

ಮುಟ್ಟುವುದರ ಈ ಕಳವಳ ನಮ್ಮೊಬ್ಬರದೇ ಎಂದುಕೊಳ್ಳಬೇಕಿಲ್ಲ. ಯೆಹೂದ್ಯರ ಕಟ್ಟುನಿಟ್ಟಿನ ಮನೆಗಳಲ್ಲಿ ಅನ್ಯಧರ್ಮೀಯ ಕೈ ತಾಗಿಸಿದ ದ್ರಾಕ್ಷಾರಸ ಕುಡಿಯಲು ಬರುವುದಿಲ್ಲ. ಮೊದಲೇ ಕುದಿಸಿದ ದ್ರಾಕ್ಷಾರಸಕ್ಕೆ ಆ ನಿಷೇಧ ಹತ್ತುವುದಿಲ್ಲ. ಹೀಗಾಗಿ ಅವರ ಪಂಥದ ಹೋಟೆಲುಗಳಲ್ಲಿ, ಬಡಿಸುವವನು ಯಾರೇ ಆಗಿರಲಿ ಎಂದು, ಕುದಿಸಿದ ಬಾಟಲಿಯನ್ನೇ ಇಟ್ಟುಕೊಳ್ಳುವುದುಂಟು. ಕ್ರೈಸ್ತರು ಇದರ ಇನ್ನೊಂದು ತುದಿ. ಒಂದೇ ಪಾನಪಾತ್ರೆ ಹಲವರ ತುಟಿಗೆ ಹೋಗುವುದೇ ಅಲ್ಲಿ ಸಂಸ್ಕಾರದ ಅರ್ಥ. ಕ್ಯಾಥೊಲಿಕ್ ನಿಯಮದ ಪ್ರಕಾರ ಪೂಜೆಯ ದ್ರಾಕ್ಷಾರಸ ದ್ರಾಕ್ಷಿಯದ್ದೇ ಆಗಿರಬೇಕು, ಕೆಟ್ಟಿರಬಾರದು. ಹಲವು ಪ್ರೊಟೆಸ್ಟಂಟ್ ಸಭೆಗಳು ಹುಳಿಯದ ರಸಕ್ಕೇ ಸಮಾಧಾನಪಟ್ಟಿವೆ. ಚಮಸದ ಸುತ್ತ ಕೂತ ತಾಳಗುಂದದ ಸೋಮಯಾಜಿಗಳಿಗೆ ಈ ಚರ್ಚೆ ಅಪರಿಚಿತ ಅನ್ನಿಸುತ್ತಿರಲಿಲ್ಲ.

ಇನ್ನು ಪದಾರ್ಥದ ಪ್ರಶ್ನೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಮಿತಾಕ್ಷರ. ತಾಳಗುಂದ, ಬಳ್ಳಿಗಾವಿಗಳನ್ನೊಳಗೊಂಡ ಬನವಾಸಿ ಪನ್ನಿರ್ಚ್ಛಾಸಿರ ಆಗ ಇದೇ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ವಿಜ್ಞಾನೇಶ್ವರನ ಪ್ರಕಾರ ಸುರೆ ಎಂದರೆ ಮುಖ್ಯವಾಗಿ ಹಿಟ್ಟಿನಿಂದ ಮಾಡಿದ್ದು. ಅದು ಮೂರು ವರ್ಣದವರಿಗೂ ನಿಷಿದ್ಧ. ಉಳಿದವು ಮದ್ಯಗಳು, ಬ್ರಾಹ್ಮಣನಿಗೆ ಅವೂ ಸಲ್ಲವು. ಹಾಗೆ ಉಳಿದ ಮದ್ಯಗಳು ಯಾವುವು ಎಂಬುದಕ್ಕೆ ಪುಲಸ್ತ್ಯನ ಹೆಸರಿನಲ್ಲಿ ಹನ್ನೊಂದರ ಪಟ್ಟಿಯೊಂದಿದೆ: ಹಲಸಿನದು, ದ್ರಾಕ್ಷಿಯದು, ಹಿಪ್ಪೆಯದು, ಖರ್ಜೂರದ್ದು, ತಾಳೆಯದು, ಕಬ್ಬಿನದು, ಜೇನಿನದು, ತೆಂಗಿನದು, ಅರಿಷ್ಟ, ಹೀಗೆ. ಹನ್ನೊಂದೂ ಸಮಾನ ಎಂದು ಆ ಪಟ್ಟಿ ಸೇರಿಸುತ್ತದೆ. ದ್ರಾಕ್ಷಿಯೂ ತಾಳೆಯೂ ಒಂದೇ ಸಾಲಿನಲ್ಲಿ, ಒಂದೇ ದರ್ಜೆಯಲ್ಲಿ.

ಅರಿಷ್ಟ ಆ ಪಟ್ಟಿಯಲ್ಲಿರುವುದನ್ನು ಗಮನಿಸಬೇಕು. ವೈನಿನ ಹೆಸರು ಕೇಳಿದರೆ ಮೈಲಿಗೆಯಾಗುವ ಎಷ್ಟೋ ಮನೆಗಳ ಬೀರುವಿನಲ್ಲಿ ದ್ರಾಕ್ಷಾರಿಷ್ಟದ ಕಂದು ಬಾಟಲಿ ಇರುತ್ತದೆ. ದ್ರಾಕ್ಷಿ, ಬೆಲ್ಲ, ಧಾತಕಿ ಹೂ ಸೇರಿಸಿ ಮುಚ್ಚಿಟ್ಟು ಹುಳಿಸಿದ ಔಷಧ. ತಾನಾಗಿ ಹುಟ್ಟಿದ ಆಲ್ಕೋಹಾಲ್ ಇದೆ ಎಂದು ಚೀಟಿಯ ಮೇಲೆ ಅವರೇ ಅಚ್ಚು ಹಾಕಿರುತ್ತಾರೆ. ಎರಡು ಚಮಚ, ಸಮಪ್ರಮಾಣದ ನೀರು, ಊಟದ ನಂತರ. ಮುದುಕಿ ಅಜ್ಜಿಗೆ ಇದರಿಂದ ಯಾವ ಪಾಪವೂ ಅಂಟಿಲ್ಲ. ಅಂಟಬಾರದು ಕೂಡ. ಇಲ್ಲಿಯೂ ದ್ರವಕ್ಕಿಂತ ಅಳತೆ, ಹೊತ್ತು, ಉದ್ದೇಶವೇ ತೀರ್ಪು ಕೊಟ್ಟಿವೆ.

ಪುಲಸ್ತ್ಯ ಸಮಾನ ಎಂದದ್ದನ್ನು ಕರ್ನಾಟಕ ಸರ್ಕಾರ ಒಪ್ಪಲಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿ, ಹಣಕಾಸು ಖಾತೆಯೂ ಅವರ ಕೈಯಲ್ಲಿತ್ತು. ಪಾಕೀಟಿನ ಸಾರಾಯಿ ಎಷ್ಟು ಮನೆಗಳನ್ನು ತಿಂದುಹಾಕಿತ್ತೆಂದು ಕಂಡ ಹೆಂಗಸರು ಅದನ್ನು ಸ್ವಾಗತಿಸಿದರು. ಆ ನಿರ್ಧಾರವನ್ನು ಹಗುರವಾಗಿ ನೋಡುವ ಹಕ್ಕು ಯಾರಿಗೂ ಇಲ್ಲ. ಅದೇ 2007ರಲ್ಲಿ ರಾಜ್ಯಕ್ಕೊಂದು ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿಯೂ ಬಂತು, ದ್ರಾಕ್ಷಾರಸ ಮಂಡಳಿ ಹುಟ್ಟಿತು. ರೈತನ ಹಣ್ಣಿಗೆ ಬೆಲೆ ಸಿಗಲಿ ಎನ್ನುವುದು ಕಾರಣ. ಆಮೇಲೆ ಮೇಳಗಳು ನಡೆದವು, ರುಚಿ ನೋಡುವ ಪುಟ್ಟ ಲೋಟಗಳು ಬಂದವು. ನಂದಿಬೆಟ್ಟದ ಬುಡದಲ್ಲಿ 1988ರಿಂದಲೇ ಗ್ರೋವರ್ ಅವರ ದ್ರಾಕ್ಷಿತೋಟ ಇತ್ತು. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಉಳಿದಿದ್ದ ಬೆಟ್ಟ ಅದೇ. ಈಗ ಅದರ ಬುಡಕ್ಕೆ ಬೆಂಗಳೂರಿನವರು ವಾರದ ಕೊನೆಗೆ ವೈನ್ ಪ್ರವಾಸಕ್ಕೆ ಹೋಗುತ್ತಾರೆ.

ಮಲೆನಾಡಿನ ಬಗನಿ ಮರಕ್ಕೆ ಇಂಥ ಮಂಡಳಿ ಯಾವುದೂ ಬರಲಿಲ್ಲ. ಸೊರಬ, ಸಾಗರದ ಕಡೆ ಬಗನಿಯ ಹೆಂಡ ಇಳಿಸುವುದು ಗೊತ್ತಿದ್ದ ಕುಟುಂಬಗಳಿದ್ದವು. ಬೆಳಿಗ್ಗೆ ಇಳಿಸಿದ್ದು ಸಿಹಿ, ಬಿಸಿಲೇರಿದಂತೆ ಹುಳಿ, ಸಂಜೆಗೆ ಖಡಕ್ಕು ಎಂಬ ಅವರ ತಿಳಿವಳಿಕೆ ಬೋರ್ದೋ ತೋಟದವನ ತಿಳಿವಳಿಕೆಗಿಂತ ಕಡಿಮೆಯದಲ್ಲ. ಕರಾವಳಿಯಲ್ಲಿ ಪರವಾನಗಿಯ ಶೇಂದಿ ಅಂಗಡಿಗಳು ಉಳಿದವು, ಘಟ್ಟದ ಮೇಲೆ ಆ ಕಸುಬೇ ಬಡವಾಯಿತು. ದ್ರಾಕ್ಷಿಯದು ಸಂಸ್ಕೃತಿ, ಬಗನಿಯದು ಚಟ. ಹೀಗೆ ತೀರ್ಪು ಕೊಟ್ಟದ್ದು ಧರ್ಮಶಾಸ್ತ್ರವಲ್ಲ, ಲೋಟದ ಬೆಲೆ. ಹಿಂದೆ ವಿಧಿ ನಿಂತಿದ್ದ ಜಾಗದಲ್ಲಿ ಈಗ ದರಪಟ್ಟಿ ಕೂತಿದೆ ಎಂದರೆ ಅದು ಉತ್ಪ್ರೇಕ್ಷೆಯಾಗಲಾರದು. ಕಲ್ಯಾಣದ ಶರಣರ ನಡುವೆ ಹೆಂಡದ ಮಾರಯ್ಯನೆಂಬ ವಚನಕಾರನೂ ಇದ್ದ. ಕಸುಬಿನ ಹೆಸರನ್ನು ಬಿಡದೆಯೇ ಆತ ಆ ಸಾಲಿನಲ್ಲಿ ಕೂತ. ಶೂನ್ಯಸಿಂಹಾಸನದ ಮೇಲೆ ಕೂತ ಅಲ್ಲಮ ಬಂದದ್ದು ತಾಳಗುಂದದ ನೆರೆಯ ಬಳ್ಳಿಗಾವಿಯಿಂದ.

ಕುಡಿಯದವನು ಕುಡಿಯುವವರ ಜೊತೆ ಕೂರಬಹುದೇ? ಬೆಂಗಳೂರಿನ ಆಫೀಸಿನ ಟೀಮ್ ಡಿನ್ನರುಗಳಲ್ಲಿ, ಲಂಡನ್ನಿನ ಪಬ್ಬುಗಳಲ್ಲಿ ಪ್ರತಿ ಶುಕ್ರವಾರ ಯಾರಾದರೊಬ್ಬ ಕನ್ನಡಿಗನ ಮುಂದೆ ಬರುವ ಪ್ರಶ್ನೆ ಇದು. ಹಳೆಯದೂ ಹೌದು. ಮನುವಿನ ಐದು ಮಹಾಪಾತಕಗಳಲ್ಲಿ ನಾಲ್ಕು ಕೃತ್ಯಗಳಾದರೆ ಐದನೆಯದು ಸಂಸರ್ಗ, ಅಂದರೆ ಆ ನಾಲ್ಕನ್ನು ಮಾಡಿದವರ ಒಡನಾಟ. ವರ್ಷವಿಡೀ ಅಂಥವರ ಜೊತೆ ಒಂದೇ ಆಸನ, ಒಂದೇ ವಾಹನ, ಒಂದೇ ಊಟ ಎಂದಾದರೆ ಏನು ಗತಿ ಎಂದು ವ್ಯಾಖ್ಯಾನಕಾರರು ಕೂದಲು ಸೀಳಿದ್ದಾರೆ. ಪರಾಶರ ಸ್ಮೃತಿ ಮಾತ್ರ ಈ ಗಂಟನ್ನು ಬೇರೆ ರೀತಿ ಬಿಚ್ಚುತ್ತದೆ. ಪತಿತನಾದವನ ಜೊತೆ ಮಾತಾಡಿದರೆ ಕೃತಯುಗದಲ್ಲಿ ಬೀಳುತ್ತಿದ್ದರು. ಆಮೇಲಿನ ಯುಗಗಳಲ್ಲಿ ಮುಟ್ಟಿದರೆ, ಅವನ ಅನ್ನ ಉಂಡರೆ. ಕಲಿಯುಗದಲ್ಲಿ ತಾನೇ ಮಾಡಿದರೆ ಮಾತ್ರ. ದೋಷ ಮಾಡಿದವನದು, ಪಕ್ಕದಲ್ಲಿ ಕೂತವನದಲ್ಲ. ಹದಿನಾಲ್ಕನೆಯ ಶತಮಾನದ ವಿಜಯನಗರದಲ್ಲಿ ಮಾಧವಾಚಾರ್ಯರು ಸುದೀರ್ಘ ವ್ಯಾಖ್ಯಾನಕ್ಕೆ ಆರಿಸಿಕೊಂಡದ್ದು ಈ ಪರಾಶರನನ್ನೇ. ತಾಳಗುಂದದ ಕಂಬದಲ್ಲಿ ಮಯೂರಶರ್ಮ ಕಲಿಯುಗ ಬಂತಲ್ಲ ಎಂದು ಮರುಗುತ್ತಾನೆ. ರೆಸ್ಟೋರೆಂಟಿಗೆ ಹೋಗುವವರು ಮಾತ್ರ ಕಲಿಯುಗಕ್ಕೆ ಋಣಿಯಾಗಿರಬೇಕು.

ಗಾಂಧೀಜಿಯವರ ಲಂಡನ್ ದಿನಗಳು ಈ ವಿಷಯದಲ್ಲಿ ಒಳ್ಳೆಯ ಪಾಠ. 1888ರಲ್ಲಿ ಹೊರಡುವ ಮುನ್ನ ಅವರು ಬೇಚರ್ಜಿ ಸ್ವಾಮಿ ಎಂಬ ಜೈನ ಯತಿಯ ಎದುರು ಮದ್ಯ, ಮಾಂಸ, ಹೆಣ್ಣು ಮುಟ್ಟೆನೆಂದು ಮಾತು ಕೊಟ್ಟಿದ್ದರು. ಸಮುದ್ರ ದಾಟುತ್ತಾನೆಂದು ಜಾತಿಯವರು ಬಹಿಷ್ಕಾರ ಹಾಕಿದರು. ಅವರನ್ನು ಬೀಳ್ಕೊಡಲು ಬಂದ ಪ್ರತಿಯೊಬ್ಬನಿಗೂ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಿದರು. ಬ್ಯಾರಿಸ್ಟರ್ ಆಗಬೇಕಾದರೆ ಇನ್ನರ್ ಟೆಂಪಲ್‌ನಲ್ಲಿ ಪರೀಕ್ಷೆಯ ಜೊತೆಗೆ ನಿಗದಿತ ಸಂಖ್ಯೆಯ ಊಟಗಳಿಗೂ ಹಾಜರಾಗಬೇಕಿತ್ತು. ನಾಲ್ಕು ಜನರ ಒಂದು ಗುಂಪಿಗೆ ಎರಡು ಬಾಟಲಿ ದ್ರಾಕ್ಷಾರಸ. ಕುಡಿಯದ ಗಾಂಧಿಗೆ ವಿಪರೀತ ಬೇಡಿಕೆ ಬಂತು: ಅವರು ನಾಲ್ಕನೆಯವರಾಗಿ ಕೂತರೆ ಉಳಿದ ಮೂವರಿಗೆ ಎರಡು ಬಾಟಲಿ! ಇದನ್ನು ಅವರು ಆತ್ಮಕಥೆಯಲ್ಲಿ ನಗುತ್ತಲೇ ಹೇಳಿಕೊಂಡಿದ್ದಾರೆ. ಮೇಜು ಬಿಟ್ಟು ಎದ್ದು ಹೋಗಲಿಲ್ಲ, ಪಕ್ಕದವರಿಗೆ ಉಪದೇಶ ಮಾಡಲೂ ಇಲ್ಲ. ತಮ್ಮ ಪಾಲಿನ ಹಣ ಕೊಟ್ಟು, ತಮ್ಮ ಪಾಲಿನ ಲೋಟ ಬಿಟ್ಟು, ರೊಟ್ಟಿ, ಬೇಯಿಸಿದ ಆಲೂಗಡ್ಡೆ, ಕೋಸು ತಿಂದರು. ಪಾನನಿಷೇಧದ ಹೋರಾಟಗಾರ ಗಾಂಧಿ ಹುಟ್ಟಿದ್ದು ಆಮೇಲೆ.

ಅವರ ಹಾದಿಯಲ್ಲಿ ನಡೆದವರು ಕರ್ನಾಟಕದಲ್ಲಿ ಕೊಡಲಿಯನ್ನೇ ಎತ್ತಿದರು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಈಚಲು ಮರಗಳನ್ನು ಕಡಿದುರುಳಿಸಿದರು. ಸರ್ಕಾರದ ಅಬಕಾರಿ ವರಮಾನಕ್ಕೆ ಪೆಟ್ಟು ಕೊಡುವುದು ಒಂದು ಉದ್ದೇಶ, ಊರನ್ನು ಹೆಂಡದಿಂದ ಬಿಡಿಸುವುದು ಇನ್ನೊಂದು. ದ್ರಾಕ್ಷಿಯ ಬಳ್ಳಿಗೆ ಆಗಲೂ ಯಾರೂ ಕೊಡಲಿ ಹಾಕಲಿಲ್ಲ.

ಯಾರ ಜೊತೆ ಕೂರುವುದು ಎಂಬುದಕ್ಕೆ ಕುಡಿತವನ್ನೂ ಮೀರಿದ ಒಂದು ಚರಿತ್ರೆ ಇದೆ. ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ ಅಲ್ಲಿ ಅನ್ನ ಯಾರಿಗೆಂದು ಒಂದೊಂದಾಗಿ ಹೆಸರಿಸುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳುವವರು, ಹಾಡುವವರು, ಕೊಳಲೂದುವವರು, ಕುಣಿಯುವವರು, ಹೊಗಳುಭಟರು. ಜೈನ ಕ್ಷಪಣಕರು, ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸರು, ನಾನಾ ದೇಶದ ಭಿಕ್ಷುಕರು. ಯಾರನ್ನೂ ತಡೆಯದ ಅನ್ನ. ಮಠ ಕಾಳಾಮುಖ ಶೈವರದು. ಉಣ್ಣಲು ಬರುವವರಲ್ಲಿ ಅವರ ಸಿದ್ಧಾಂತವನ್ನು ವಾದದಲ್ಲಿ ಖಂಡಿಸುವವರೂ ಇದ್ದರು. ಊರಿನಲ್ಲಿ 1065ರ ಹೊತ್ತಿಗೇ ಒಂದು ಬೌದ್ಧ ವಿಹಾರವಿತ್ತು, ಬಸದಿಗಳಿದ್ದವು. ಸುರೆ, ಮೇರಯವನ್ನು ಬಿಡುವುದು ಬೌದ್ಧನ ಐದನೆಯ ಶೀಲ. ಜೈನನಿಗೆ ಮದ್ಯ, ಮಾಂಸ, ಜೇನು ಮೂರೂ ಮೊದಲ ಹೆಜ್ಜೆಯಲ್ಲೇ ತ್ಯಾಜ್ಯ. ಹುಳಿಸುವುದೆಂದರೆ ಅವನ ಕಣ್ಣಿಗೆ ಲೆಕ್ಕವಿಲ್ಲದಷ್ಟು ಜೀವಗಳ ಹಿಂಸೆ. ಇಷ್ಟು ಬಗೆಯ ಬೇಡಗಳನ್ನು ಹೊತ್ತವರು ಒಂದೇ ಊರಿನಲ್ಲಿ ಉಂಡು ಬದುಕಿದ್ದರು. ಅವರೆಲ್ಲ ಒಂದೇ ಸಾಲಿನಲ್ಲಿ ಕೂತು ಉಂಡರು ಎಂದು ಶಾಸನ ಹೇಳುವುದಿಲ್ಲ, ಅಷ್ಟು ದೂರ ಅದನ್ನು ಎಳೆಯುವುದೂ ಬೇಡ.

ಒಂದೇ ಸಾಲು ಆಗಲು ಕಾನೂನು ಬೇಕಾಯಿತು. ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರಲ್ಲಿ ಶುರುವಾದಾಗ ಅದರ ಹೆಸರಿನಲ್ಲಿ 'ಬ್ರಾಹ್ಮಿನ್ ಕಾಫಿ ಕ್ಲಬ್' ಎಂದಿತ್ತು. ಊರೂರಲ್ಲಿ ಅಂಥ ಬೋರ್ಡುಗಳಿದ್ದವು. ಅಡುಗೆ ಯಾರದೆಂದು ಅವು ಭರವಸೆ ಕೊಡುತ್ತಿದ್ದವು, ಒಳಗೆ ಯಾರು ಎಲ್ಲಿ ಕೂರಬೇಕೆಂಬುದನ್ನೂ ಮೆಲ್ಲಗೆ ಹೇಳುತ್ತಿದ್ದವು. ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡ ಅಂಗಡಿ, ಸಾರ್ವಜನಿಕ ರೆಸ್ಟೋರೆಂಟು, ಹೋಟೆಲುಗಳನ್ನು ಹೆಸರಿಟ್ಟು ಕರೆದು, ಜಾತಿಯ ಕಾರಣಕ್ಕೆ ಯಾರನ್ನೂ ಅಲ್ಲಿಂದ ಹೊರಗಿಡಬಾರದೆಂದಿತು. ದೇಶದ ಮೂಲ ಕಾನೂನು ಉಪಾಹಾರದ ಮೇಜನ್ನು ನೆನೆಯಬೇಕಾಗಿ ಬಂದದ್ದೇ ಆ ಮೇಜಿನ ಚರಿತ್ರೆಯ ಬಗ್ಗೆ ಸಾಕಷ್ಟು ಹೇಳುತ್ತದೆ. ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ ಬಂದರು. ಅವರು ತಂದದ್ದು ಕುಡಿತವನ್ನಲ್ಲ, ಮಡಿಯ ಇನ್ನೊಂದು ಅರ್ಥವನ್ನು. ಪಾತ್ರೆಗಳಿಗೆ ಹಬೆಯ ಶುದ್ಧಿ, ಗಿರಾಕಿ ಕಣ್ಣಾರೆ ನೋಡಬಹುದಾದ ಅಡುಗೆಮನೆ, ಆರೋಗ್ಯದ ಊಟ ಮತ್ತು ಮೇಜಿನ ಶಿಷ್ಟಾಚಾರದ ಬಗ್ಗೆ ಪುಟ್ಟ ಪುಸ್ತಿಕೆಗಳು. ಅಡುಗೆಯವನ ಜನಿವಾರದ ಜಾಗದಲ್ಲಿ ಹಬೆ ಬಂದು ಕೂತಿತು. ಕರ್ನಾಟಕದ ಹೋಟೆಲಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತತ್ತ್ವಪಲ್ಲಟ ಹುಡುಕುವುದು ಕಷ್ಟ.

ಹೊರದೇಶದಲ್ಲಿ ಕೂತ ಕನ್ನಡ ಕುಟುಂಬಕ್ಕೆ ಈಗಿನ ತೊಡಕುಗಳು ಬೇರೆ ಬಗೆಯವು. ಸಸ್ಯಾಹಾರಿಯಾದರೂ ಒಂದು ಲೋಟ ವೈನಿಗೆ ಅಡ್ಡಿಯಿಲ್ಲ ಎನ್ನುವವನಿಗೆ ಆ ವೈನ್ ತಿಳಿಯಾದದ್ದು ಹೇಗೆಂದು ಗೊತ್ತಿರುವುದಿಲ್ಲ. ಮಡ್ಡಿ ತಳಕ್ಕಿಳಿಸಲು ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಇಲ್ಲವೇ ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಬಳಸುವುದು ಬಹಳ ಹಳೆಯ ಪದ್ಧತಿ. ಬೆಂಟೊನೈಟ್ ಎಂಬ ಜೇಡಿ ಬಳಸುವವರೂ ಇದ್ದಾರೆ. ಇದಕ್ಕೆ ತದ್ವಿರುದ್ಧವಾಗಿ, ಹನಿ ಮದ್ಯ ಮುಟ್ಟದ ಅಮ್ಮ ಮಿಲಾನಿನಲ್ಲಿ ತರಕಾರಿ ರಿಸೊಟ್ಟೊ ಎಂದು ಸವಿಯುವ ಅನ್ನಕ್ಕೆ ಬಿಳಿ ದ್ರಾಕ್ಷಾರಸ ಬಿದ್ದಿರುತ್ತದೆ, ಮೇಲೆ ಉದುರಿಸಿದ ಪಾರ್ಮೆಸಾನ್ ಕರುವಿನ ಹೊಟ್ಟೆಯ ಕಿಣ್ವದಿಂದ ಹೆಪ್ಪುಗಟ್ಟಿರುತ್ತದೆ. ಮಗ ಹೇಳಬೇಕೇ, ಸುಮ್ಮನಿರಬೇಕೇ? ಪರಾಶರನ ಮಾತು ಇಲ್ಲಿ ಸಾಲದು. ಗೊತ್ತಿಲ್ಲದೆ ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಕಡಿಮೆ ಎಂದು ಸ್ಮೃತಿಗಳು ಅಮ್ಮನಿಗೆ ರಿಯಾಯಿತಿ ಕೊಟ್ಟಾವು. ಗೊತ್ತಿದ್ದೂ ಬಡಿಸಿದ ಮಗನಿಗೆ ಕೊಡಲಾರವು. ಕರೆದುಕೊಂಡು ಹೋದವನು ಮೊದಲೇ ಅಡುಗೆಯವನನ್ನು ಕೇಳಿಟ್ಟುಕೊಳ್ಳಬೇಕು. ಬಾಟಲಿಯ ಮೊದಲ ಗುಟುಕನ್ನು ತಾನು ಕುಡಿದು ನೋಡುವ ಆತಿಥೇಯನ ಕೆಲಸ ಇದೇ ಅಲ್ಲವೇ?

ಬೇಡ ಎನ್ನುವುದಕ್ಕೂ ಒಂದು ರೀತಿ ಇದೆ. ಕೊರಿಯಾದಲ್ಲಿ ಹಿರಿಯರು ಸುರಿಯುವಾಗ ಎರಡೂ ಕೈಯಲ್ಲಿ ಲೋಟ ಹಿಡಿಯಬೇಕು, ಕುಡಿಯುವಾಗ ಮುಖ ಪಕ್ಕಕ್ಕೆ ತಿರುಗಿಸಬೇಕು. ಜಪಾನಿನಲ್ಲಿ ತನ್ನ ಲೋಟವನ್ನು ತಾನೇ ತುಂಬಿಕೊಳ್ಳುವುದು ಒರಟುತನ. ಜರ್ಮನಿಯಲ್ಲಿ ಲೋಟ ತಾಗಿಸುವಾಗ ಕಣ್ಣು ನೋಡಬೇಕು. ಈ ಯಾವ ಊರಿನಲ್ಲೂ ಲೋಟದಲ್ಲಿ ಇರುವುದೇನು ಎಂದು ಇಣುಕುವವರು ಕಡಿಮೆ. ನಿಂಬೆಹಣ್ಣಿನ ಸೋಡಾ ಎತ್ತಿದರೂ ನಡೆಯುತ್ತದೆ, ಎತ್ತದೆ ಕೂತರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಇಲ್ಲಿಯವರು ಕುಡಿಯದವನನ್ನು ಬಿಡುವುದೇ ಇಲ್ಲ. 'ಒಂದು ಪೆಗ್ಗಿಗೆ ಏನಾಗುತ್ತದೆ ಮಾರಾಯ' ಎಂಬ ಒತ್ತಾಯ ನಮ್ಮ ಉಪಚಾರದ ಕೆಟ್ಟ ತುದಿ. ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಹೋಳಿಗೆ ಬಡಿಸುವ ಪ್ರೀತಿಯೇ ಬಾಟಲಿಯ ಹತ್ತಿರ ಬಂದಾಗ ಹಿಂಸೆಯಾಗುತ್ತದೆ.

ಕೊನೆಗೆ ಬಿಲ್ಲು. ಎಂಟು ಜನರಲ್ಲಿ ಐವರು ಕುಡಿದು ಮೂವರು ಕುಡಿಯದಿದ್ದರೆ ಎಂಟು ಪಾಲು ಮಾಡುವುದು ನ್ಯಾಯವೇ? ಗಾಂಧಿ ತಮ್ಮ ಪಾಲು ಕೊಟ್ಟರು, ಅದು ಸಂಸ್ಥೆಯ ನಿಯಮ. ಗೆಳೆಯರ ನಡುವೆ ಅಂಥ ನಿಯಮವಿಲ್ಲ. ಭಾರತದಲ್ಲಿ ಇದನ್ನು ತೆರಿಗೆ ಕಾನೂನು ಅರ್ಧ ಬಗೆಹರಿಸಿದೆ. ಕುಡಿಯುವ ಮದ್ಯವನ್ನು ಸಂವಿಧಾನವೇ ಜಿಎಸ್‌ಟಿಯ ಹೊರಗಿಟ್ಟಿದೆ, ಊಟ ಅದರ ಒಳಗಿದೆ. ಹೀಗಾಗಿ ಶಿರಾಳಕೊಪ್ಪದ ಕಡೆಯ ಬಾರ್ ಅಂಡ್ ರೆಸ್ಟೋರೆಂಟ್ ಆಗಲಿ, ಎಂ.ಜಿ. ರಸ್ತೆಯ ದುಬಾರಿ ಹೋಟೆಲಾಗಲಿ, ಲೆಕ್ಕದಲ್ಲಿ ಅನ್ನವನ್ನೂ ಮದ್ಯವನ್ನೂ ಬೇರೆ ಬೇರೆ ಬರೆಯಬೇಕು; ಹಲವು ಕಡೆ ಎರಡು ಚೀಟಿಯೇ ಬರುತ್ತವೆ. ಅನ್ನದ ಚೀಟಿಯನ್ನು ಎಂಟು ಪಾಲು ಮಾಡಿ, ಇನ್ನೊಂದನ್ನು ಐದು ಪಾಲು ಮಾಡಿದರೆ ಲೆಕ್ಕ ಸರಿ. ಎರಡನ್ನೂ ಹಿರಿಯರೊಬ್ಬರು ಎತ್ತಿಕೊಂಡು ಯಾರಿಗೂ ತೋರಿಸದೆ ಕಾರ್ಡ್ ಕೊಟ್ಟುಬಿಟ್ಟರೆ, ಕುಡಿಯದ ಮೂವರು ಅವರ ಜೊತೆ ಇನ್ನೂ ಸ್ವಲ್ಪ ಹೊತ್ತು ಕೂತು, ಒಂದೊಂದು ಕಾಫಿ ತರಿಸಿಕೊಳ್ಳುವುದು ವಾಡಿಕೆ.